ಹರವಿಯ ನೀರು

ಪ್ರಶ್ನೆ: ಕಾರಟಗಿಯ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ವಯಸ್ಸು 39. ಎರಡೂವರೆ ವರ್ಷದ ಹಿಂದೆ ಹತ್ತು ದಿನದ ಯೋಗ ಶಿಬಿರಕ್ಕೆ ಹೋಗಿದ್ದೆ. ಮೊದಲ ಆರು ತಿಂಗಳು ಮನಸ್ಸು ಹತ್ತಿಯಂತೆ ಹಗುರವಾಗಿತ್ತು, ಯಾರು ಏನೆಂದರೂ ತಾಗುತ್ತಿರಲಿಲ್ಲ. ಈಗ ಕಣ್ಣು ಮುಚ್ಚಿದರೆ ಸಾಕು, ಲಾರಿ ನಂಬರು, ದಲಾಲರ ಬಾಕಿ, ಅತ್ತೆ ಆಡಿದ ಮಾತು ಎಲ್ಲ ಒಟ್ಟಿಗೆ ನುಗ್ಗುತ್ತವೆ. ಮೊಬೈಲಿನಲ್ಲಿ ನೋಡಿ ಉಸಿರು ಬಿಗಿಹಿಡಿಯುವುದನ್ನೂ ಸೇರಿಸಿಕೊಂಡೆ, ತಲೆ ಭಾರವಾಗುತ್ತದೆ. ಸುಗ್ಗಿ ಬಂದರೆ ಮೂರು ವಾರ ಎಲ್ಲವೂ ನಿಂತುಹೋಗುತ್ತದೆ. ಮನಸ್ಸು ತಿಳಿಯಾಗುವುದು ಎಂದರೆ ನಿಜವಾಗಿ ಏನು? ಸಂಸಾರಸ್ಥರಿಗೆ ಅದು ಸಾಧ್ಯವೇ? ಅಥವಾ ಮಕ್ಕಳ ಓದು ಮುಗಿದ ಮೇಲೆ ಹೊಸದಾಗಿ ಶುರು ಮಾಡಲೇ?

ಉತ್ತರ: ತಂಗಿ, ನೀವು ‘ಶಾಂತಿ’ ಎಂದು ಬರೆಯಲಿಲ್ಲ, ‘ಏಕಾಗ್ರತೆ’ ಎಂದೂ ಬರೆಯಲಿಲ್ಲ. ಮನಸ್ಸು ‘ತಿಳಿಯಾಗುವುದು’ ಎಂದು ಬರೆದಿರಿ. ನಾನು ಅಲ್ಲಿಂದಲೇ ಹಿಡಿಯುತ್ತೇನೆ. ತಿಳಿನೀರು, ತಿಳಿಸಾರು, ತಿಳಿಗೊಳ ಎನ್ನುತ್ತೇವೆ. ತಿಳಿಯುವುದು, ತಿಳಿವಳಿಕೆ ಎಂದೂ ಎನ್ನುತ್ತೇವೆ. ಕದಡಿದ್ದು ಕೆಳಗಿಳಿಯುವುದಕ್ಕೂ ಅರಿವಾಗುವುದಕ್ಕೂ ಕನ್ನಡದಲ್ಲಿ ಒಂದೇ ಮಾತು. ಸಂಸ್ಕೃತದ ‘ಪ್ರಸಾದ’ವೂ ಅದೇ ಜಾತಿಯದು. ಗುಡಿಯಲ್ಲಿ ಕೈಯೊಡ್ಡಿ ಪಡೆಯುವ ಪ್ರಸಾದ ನಮಗೆಲ್ಲ ಗೊತ್ತು. ಆದರೆ ನೀರು ನಿರ್ಮಲವಾಗುವುದಕ್ಕೂ ಆ ಶಬ್ದವೇ ಸಲ್ಲುತ್ತದೆ. ಪತಂಜಲಿಯ ಯೋಗಸೂತ್ರದ 1ನೆಯ ಪಾದದಲ್ಲಿ, ಅಂದರೆ ಅಧ್ಯಾಯದಲ್ಲಿ, ಇದು ಎರಡು ಕಡೆ ಬರುತ್ತದೆ: 33ನೆಯ ಸೂತ್ರದಲ್ಲಿ ‘ಚಿತ್ತಪ್ರಸಾದನ’, 47ರಲ್ಲಿ ‘ಅಧ್ಯಾತ್ಮಪ್ರಸಾದ’. ನೀವು ಕೇಳಿದ್ದು ಶಾಸ್ತ್ರ ಕೇಳಿಕೊಂಡಿರುವ ಪ್ರಶ್ನೆಯನ್ನೇ.

ನಾನು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಹಳ್ಳಿಯವನು. ನೀವಿರುವ ಕಡೆ ನೀರು ಬಂದು ಎಷ್ಟೋ ದಿನಗಳಾದ ಮೇಲೆ ನಮ್ಮ ಕಡೆ ಮುಖ ತೋರಿಸುತ್ತಿತ್ತು. ಆ ಜಗಳ ಇವತ್ತಿಗೂ ಮುಗಿದಿಲ್ಲ, ಇಲ್ಲಿ ಬೇಡ. ಬಂದ ಹೊಸ ನೀರು ಚಹಾದ ಬಣ್ಣದ್ದು. ಕುಡಿಯುವುದಕ್ಕೂ ಅದೇ. ಅವ್ವ ಹರವಿಯ ಒಳಮೈಗೆ ಚಿಲ್ಲದ ಬೀಜವನ್ನು ತೇಯ್ದು, ಕೊಡಗಳಲ್ಲಿ ತಂದ ನೀರನ್ನು ಬಟ್ಟೆಯಲ್ಲಿ ಸೋಸಿ ಸುರಿದು, ಮೇಲೆ ಮರದ ಮುಚ್ಚಳ ಇಡುತ್ತಿದ್ದಳು. ಏಳೆಂಟು ವರ್ಷದ ನನಗೆ ತಡೆಯಲಾಗುತ್ತಿರಲಿಲ್ಲ. ಗಳಿಗೆಗೊಮ್ಮೆ ಮುಚ್ಚಳ ಸರಿಸಿ, ಲೋಟ ಅದ್ದಿ, ಬೆಳಕಿಗೆ ಹಿಡಿದು ನೋಡುತ್ತಿದ್ದೆ. “ನೀನು ನೋಡಿದಷ್ಟೂ ಅದು ಕದಡುತ್ತದೆ, ಹೋಗಿ ಮಲಗು” ಎಂದು ಬೈಗುಳ. ಬೆಳಿಗ್ಗೆ ಎದ್ದು ನೋಡಿದರೆ ಮೇಲಿನ ನೀರಿನಲ್ಲಿ ನನ್ನ ಮುಖ ಕಾಣುತ್ತಿತ್ತು, ತಳದಲ್ಲಿ ಎರಡು ಬೆರಳಿನಷ್ಟು ಕೆಸರು. ಇಷ್ಟು ಕೆಸರನ್ನು ನಿನ್ನೆ ಕುಡಿದಿದ್ದೆವೇ ಎಂದು ಮೊದಲ ಸಲ ನೋಡಿದಾಗ ಹೊಟ್ಟೆ ತೊಳೆಸಿತ್ತು. ರಾತ್ರಿ ಬೆಳಗಾಗುವುದರೊಳಗೆ ಹುಟ್ಟಿದ ಕೆಸರೇನಲ್ಲ ಅದು. ನೀರು ನಿಂತದ್ದರಿಂದ ಕಂಡಿತು. (ವೇದಾಂತಿಗಳಿಗೂ ಈ ಬೀಜ ಪ್ರಿಯ. ಸಂಸ್ಕೃತದಲ್ಲಿ ಇದು ‘ಕತಕ’. ಕೊಳೆಯನ್ನು ಕೆಳಗಿಳಿಸಿ ತಾನೂ ತಳ ಸೇರುತ್ತದೆ ಎನ್ನುವುದಕ್ಕಾಗಿ ಅವರು ಇದನ್ನು ಜ್ಞಾನಕ್ಕೆ ಹೋಲಿಸಿದರು.)

ಕಣ್ಣು ಮುಚ್ಚಿದಾಗ ನಿಮಗೆ ಕೇಳುವ ಗದ್ದಲದಲ್ಲಿ ದೊಡ್ಡ ಪಾಲು ಇಂಥದ್ದು. ಮಿಲ್ಲಿನ ಯಂತ್ರ ಓಡುತ್ತಿರುವಾಗ ಪಕ್ಕದವರ ಮಾತು ಕೇಳುವುದಿಲ್ಲ. ವಿದ್ಯುತ್ ಹೋದ ಕ್ಷಣ ಹಮಾಲರು ಪಿಸುಗುಟ್ಟುವುದೂ ಕೇಳುತ್ತದೆ. ಆದರೆ ಎಲ್ಲವನ್ನೂ ಈ ಲೆಕ್ಕಕ್ಕೇ ಬರೆದುಬಿಡಲಾರೆ. ತಲೆ ಭಾರವಾಗುವುದು ಬೇರೆ ಸಂಗತಿ. ಅದು ಉಸಿರನ್ನು ಬಲವಂತವಾಗಿ ಹಿಡಿದದ್ದರ ಫಲ, ಅದನ್ನು ಇಂದೇ ಬಿಡಿ. ಹಠಯೋಗ ಪ್ರದೀಪಿಕೆಯಲ್ಲೇ ಎಚ್ಚರಿಕೆಯಿದೆ: ಸಿಂಹ, ಆನೆ, ಹುಲಿಗಳನ್ನು ಪಳಗಿಸುವ ಹಾಗೆ ಪ್ರಾಣವನ್ನು ಮೆಲ್ಲಮೆಲ್ಲನೆ ಪಳಗಿಸಬೇಕು, ಇಲ್ಲವಾದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎಂದು. ಮೊಬೈಲಿನಲ್ಲಿ ಪಾಠ ಹೇಳುವವರು ಹುಲಿಯ ವಿಷಯವನ್ನು ಸಾಮಾನ್ಯವಾಗಿ ಕೊನೆಗಿಟ್ಟುಕೊಂಡಿರುತ್ತಾರೆ; ಅಷ್ಟರಲ್ಲಿ ನಾವು ಮುಂದಿನದಕ್ಕೆ ಹಾರಿರುತ್ತೇವೆ.

ಇನ್ನು ನಿಮ್ಮ ಆ ಮೊದಲ ಆರು ತಿಂಗಳು. ನನ್ನ ಅಂದಾಜಿನಲ್ಲಿ ತೊಡಕು ಇರುವುದು ಇಲ್ಲಿಯೇ, ಆದ್ದರಿಂದ ತುಸು ನಿಧಾನವಾಗಿ ಹೇಳುತ್ತೇನೆ. ಅಂದು ಹಗುರವಾಗಿದ್ದಿರಿ. ಆ ಹಗುರ ಮತ್ತೆ ಬರಲಿ ಎಂದು ಇಂದು ಕೂರುತ್ತಿದ್ದೀರಿ. ಕೂತ ಐದನೆಯ ನಿಮಿಷಕ್ಕೆ ‘ಬಂತೇ?’ ಎಂದು ಮುಚ್ಚಳ ಸರಿಸುತ್ತೀರಿ. ಬಂದಿರುವುದಿಲ್ಲ. ಬೇಸರ. ಆ ಬೇಸರದಿಂದ ಇನ್ನೊಂದು ವಿಧಾನ, ಆಮೇಲೆ ಮತ್ತೊಂದು. ಅನುಭವಿಸಿದ ಸುಖದ ಬೆನ್ನು ಹತ್ತಿ ಹೋಗುವ ಮನಸ್ಸಿಗೆ ಪತಂಜಲಿ ಇಟ್ಟ ಹೆಸರು ರಾಗ. ಮನಸ್ಸನ್ನು ಬಾಧಿಸುವ ಐದು ಕ್ಲೇಶಗಳಲ್ಲಿ ಅದೂ ಒಂದು. ಸೀರೆ, ಒಡವೆ, ಹಣದ ಮೇಲಿನ ಆಸೆ ರಾಗವೆಂದು ಎಲ್ಲರಿಗೂ ಗೊತ್ತು. ಧ್ಯಾನದಲ್ಲಿ ಸಿಕ್ಕ ಸುಖದ ಮೇಲಿನ ಆಸೆಯೂ ಅದೇ ಗುಂಪಿನದೆಂದು ಒಪ್ಪಿಕೊಳ್ಳುವುದಕ್ಕೆ ನನಗೇ ಬಹಳ ವರ್ಷ ಬೇಕಾಯಿತು. ಬಯಸಿದ್ದು ದಕ್ಕದಿದ್ದಾಗ ಮನಸ್ಸು ಕಲಕುವುದಕ್ಕೂ ಸೂತ್ರದಲ್ಲಿ ಹೆಸರಿದೆ, ದೌರ್ಮನಸ್ಯ. ವೈರಾಗ್ಯ ಎಂದ ಕೂಡಲೇ ಕಾವಿ ಬಟ್ಟೆ ನೆನೆಯುವುದು ಬೇಡ. ನಿಮ್ಮ ಪಾಲಿನ ವೈರಾಗ್ಯ ಸದ್ಯಕ್ಕೆ ಇಷ್ಟು: ಆ ಆರು ತಿಂಗಳನ್ನು ಬಿಟ್ಟುಕೊಡಿ.

ಗದ್ದಲ ನಿಲ್ಲಿಸುವುದೇ ಯೋಗವಲ್ಲವೇ, ‘ಚಿತ್ತವೃತ್ತಿ ನಿರೋಧ’ ಎಂದು ಶಿಬಿರದಲ್ಲಿ ಹೇಳಿಕೊಟ್ಟರಲ್ಲ ಎಂದು ನೀವು ಕೇಳಬಹುದು. ಹೌದು, 1ನೆಯ ಪಾದದ 2ನೆಯ ಸೂತ್ರ ಅದೇ. ಆದರೆ ವೃತ್ತಿಗಳು, ಅಂದರೆ ಮನಸ್ಸಿನ ಚಲನೆಗಳು, ಯಾವುವು ಎಂಬ ಪಟ್ಟಿಯನ್ನು ನೋಡಿದರೆ ‘ನಿಲ್ಲಿಸುವುದು’ ಎಂಬ ಮಾತು ಸ್ವಲ್ಪ ತಣ್ಣಗಾಗುತ್ತದೆ. ಪ್ರಮಾಣ, ಅಂದರೆ ಸರಿಯಾದ ತಿಳಿವಳಿಕೆ. ವಿಪರ್ಯಯ, ಅಂದರೆ ತಪ್ಪು ತಿಳಿವಳಿಕೆ. ವಿಕಲ್ಪ, ಅಂದರೆ ಮಾತಿದೆ ಆದರೆ ಅದಕ್ಕೆ ತಕ್ಕ ವಸ್ತುವಿಲ್ಲ. ಆಮೇಲೆ ನಿದ್ರೆ, ಸ್ಮೃತಿ. ಸರಿಯಾದ ತಿಳಿವಳಿಕೆಯೂ ವೃತ್ತಿಯೇ, ನಿದ್ರೆಯೂ ವೃತ್ತಿಯೇ. ಇವುಗಳಲ್ಲಿ ನೋಯಿಸುವಂಥವೂ ಉಂಟು, ನೋಯಿಸದಂಥವೂ ಉಂಟು. ಇವನ್ನೆಲ್ಲ ಕತ್ತು ಹಿಸುಕಿ ನಾಳೆ ಬೆಳಿಗ್ಗೆ ನೀವು ಮಿಲ್ಲಿಗೆ ಹೋಗಿ ಲೆಕ್ಕ ಬರೆಯುವುದು ಹೇಗೆ?

ನೀವು ಲೆಕ್ಕದವರಾದ್ದರಿಂದ ನಿಮಗೆ ಒಂದು ಅನುಕೂಲವಿದೆ. ದಿನದ ವ್ಯವಹಾರವೆಲ್ಲ ಮೊದಲು ಕಿರ್ದಿಯಲ್ಲಿ ಒಟ್ಟಿಗೆ ಬಿದ್ದಿರುತ್ತದೆ, ಆಮೇಲೆ ಒಂದೊಂದನ್ನೂ ಅದರದರ ಖಾತೆಗೆ ಎತ್ತಿ ಬರೆಯುತ್ತೀರಿ. ಕಣ್ಣು ಮುಚ್ಚಿದಾಗ ನುಗ್ಗುವುದನ್ನೂ ಹಾಗೆಯೇ ಮಾಡಿ ನೋಡಿ. ‘ಆ ದಲಾಲರಿಂದ ನಲವತ್ತು ಚೀಲದ ಹಣ ಬರಬೇಕು’: ಪ್ರಮಾಣ. ‘ನಿನ್ನೆ ಅತ್ತೆ ಹಾಗೆಂದರು’: ಸ್ಮೃತಿ. ‘ಅವರ ಮನಸ್ಸಿನಲ್ಲಿ ನಾನು ಮನೆ ಒಡೆಯುವವಳು’: ಇದು ಬಹುಮಟ್ಟಿಗೆ ವಿಕಲ್ಪ, ವಿಚಾರಿಸಿ ನೋಡಿದರೆ ವಿಪರ್ಯಯವೂ ಆಗಿರಬಹುದು. ಖಾತೆಯ ಹೆಸರು ಬರೆದು ಮುಂದಕ್ಕೆ ಹೋಗಿ, ಆ ಬಾಕಿಯನ್ನು ಅಲ್ಲಿಯೇ ವಸೂಲು ಮಾಡುವುದಕ್ಕೆ ಕೂರಬೇಡಿ. ಸ್ವಲ್ಪ ದಿನದಲ್ಲಿ ಒಂದು ವಿಚಿತ್ರ ಕಾಣುತ್ತದೆ: ನೋಯಿಸುವ ಯೋಚನೆಗಳಲ್ಲಿ ಹೆಚ್ಚಿನವು ಮೂರನೆಯ ಖಾತೆಗೆ ಹೋಗಿ ಬೀಳುತ್ತವೆ. ನಿಜವಾದ ಬಾಕಿ ಅಷ್ಟಾಗಿ ನಿದ್ದೆ ಕೆಡಿಸುವುದಿಲ್ಲ.

‘ನನಗೆ ಯೋಗ ಒಗ್ಗುವುದಿಲ್ಲವೇನೋ’ ಎಂಬ ಅಳುಕು ನಿಮ್ಮ ಕಾಗದದ ಸಾಲುಗಳ ನಡುವೆ ಇದೆ. ಅದಕ್ಕೆ 30ನೆಯ ಸೂತ್ರವನ್ನು ತೋರಿಸಬೇಕು. ದಾರಿಗೆ ಅಡ್ಡ ಬರುವ ಒಂಬತ್ತು ಅಂತರಾಯಗಳನ್ನು ಪತಂಜಲಿ ಅಲ್ಲಿ ಹೆಸರಿಸುತ್ತಾನೆ: ರೋಗ, ಜಡತೆ, ಸಂಶಯ, ಎಚ್ಚರದಪ್ಪುವುದು, ಸೋಮಾರಿತನ, ವಿಷಯಗಳ ಹಂಬಲ, ಭ್ರಮೆ, ನೆಲೆ ಸಿಗದಿರುವುದು, ಕೊನೆಯದಾಗಿ ‘ಅನವಸ್ಥಿತತ್ವ’, ಸಿಕ್ಕ ನೆಲೆಯಲ್ಲಿ ನಿಲ್ಲಲಾಗದಿರುವುದು. ಎಂಟನೆಯದಕ್ಕೂ ಒಂಬತ್ತನೆಯದಕ್ಕೂ ಇರುವ ಅಂತರ ನೋಡಿ. ನಿಮಗೆ ನೆಲೆ ಸಿಕ್ಕಿತ್ತು, ನಿಲ್ಲಲಿಲ್ಲ. ನಿಮ್ಮ ಕಾಯಿಲೆ ಆ ಪಟ್ಟಿಯಲ್ಲಿದೆ ಎಂದರೆ ನಿಮಗಿಂತ ಮೊದಲು ಅದು ಎಷ್ಟು ಜನರಿಗೆ ಬಂದಿರಬೇಕು! ಎರಡು ಸೂತ್ರ ದಾಟಿದರೆ ಔಷಧವೂ ಇದೆ, ‘ಏಕತತ್ತ್ವಾಭ್ಯಾಸ’. ಒಂದನ್ನೇ ಹಿಡಿ. ನೀವು ಎರಡೂವರೆ ವರ್ಷದಲ್ಲಿ ಎಷ್ಟನ್ನು ಹಿಡಿದು ಬಿಟ್ಟಿರೆಂದು ನೀವೇ ಎಣಿಸಿ, ನನಗೆ ಬರೆಯಬೇಕಾಗಿಲ್ಲ.

ಅಭ್ಯಾಸ ಎಂದರೆ ನಮಗೆ ಶಾಲೆಯ ಮಗ್ಗಿಯ ನೆನಪು. ಸೂತ್ರದಲ್ಲಿ ಅದರ ಅರ್ಥ ಬಹಳ ಸರಳ: ‘ಸ್ಥಿತೌ ಯತ್ನಃ’, ನಿಲ್ಲುವುದಕ್ಕಾಗಿ ಮಾಡುವ ಯತ್ನ. ತಿಳಿಯಾಗುವುದಕ್ಕೆ ಮಾಡುವ ಯತ್ನ ಎಂದು ಹೇಳಲಿಲ್ಲ. ತಿಳಿಯಾಗುವುದು ನೀರಿನ ಕೆಲಸ. ಈ ಯತ್ನ ಗಟ್ಟಿ ನೆಲವಾಗಬೇಕಾದರೆ ದೀರ್ಘಕಾಲ ಬೇಕು, ನಡುವೆ ಬಿರುಕಿರಬಾರದು, ಆದರ ಇರಬೇಕು. ಮೊದಲೆರಡನ್ನು ಎಲ್ಲರೂ ಹೇಳುತ್ತಾರೆ. ಮೂರನೆಯದನ್ನು, ಆ ‘ಸತ್ಕಾರ’ವನ್ನು, ನುಂಗಿಬಿಡುತ್ತಾರೆ. ಮನೆಗೆ ಬಂದ ನೆಂಟರನ್ನು ಮಾತನಾಡಿಸುವ ಹಾಗೆ ಆ ಹೊತ್ತನ್ನು ಬರಮಾಡಿಕೊಳ್ಳಬೇಕು. ನಾವು ಅದನ್ನು ವಿದ್ಯುತ್ ಬಿಲ್ಲಿನ ಹಾಗೆ ಕಟ್ಟಿ ಮುಗಿಸುತ್ತೇವೆ.

ಎರಡೂವರೆ ವರ್ಷ ಎಂದಿರಲ್ಲ, ಓದಿ ನಕ್ಕೆ. ಕೊಪ್ಪಳದ ಗವಿಮಠದ ಬೆಟ್ಟದ ಬಂಡೆಯ ಮೇಲೆ ಅಶೋಕನ ಕಿರು ಶಿಲಾಶಾಸನವಿದೆ. ಗವಿಸಿದ್ಧೇಶ್ವರನ ಜಾತ್ರೆಗೆ ಹೋದಾಗ ಬೆಟ್ಟ ಹತ್ತಿದ್ದರೆ ನೋಡಿರುತ್ತೀರಿ. ಅದೇ ಶಾಸನದ ಪಾಠ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿಯೂ ಇದೆ. ಬೌದ್ಧ ಉಪಾಸಕನಾದ, ಅಂದರೆ ಸಂಸಾರದಲ್ಲಿದ್ದುಕೊಂಡೇ ಬುದ್ಧನ ದಾರಿ ಹಿಡಿದ, ಚಕ್ರವರ್ತಿ ಅಲ್ಲಿ ತನ್ನ ಲೆಕ್ಕ ಒಪ್ಪಿಸುತ್ತಾನೆ. ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮಿಕ್ಕಿತು, ಮೊದಲು ನಾನು ಹೆಚ್ಚೇನೂ ಪ್ರಯತ್ನ ಮಾಡಲಿಲ್ಲ, ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಚೆನ್ನಾಗಿ ಪ್ರಯತ್ನಪಟ್ಟೆ ಎಂಬುದು ಅದರ ಸಾರ. ಇದು ದೊಡ್ಡವರಿಗಷ್ಟೇ ದಕ್ಕುವಂಥದ್ದಲ್ಲ, ಸಣ್ಣವರೂ ಪ್ರಯತ್ನದಿಂದ ಪಡೆಯಬಹುದು ಎಂದೂ ಸೇರಿಸುತ್ತಾನೆ. ಅವನ ದಾರಿ ಬುದ್ಧನದು, ಪತಂಜಲಿಯದಲ್ಲ. ಎರಡನ್ನೂ ಕಲಸುವುದು ನನ್ನ ಉದ್ದೇಶವಲ್ಲ. ಆದರೆ ತಾನು ಸರಿಯಾಗಿ ಸಾಧನೆ ಮಾಡಲಿಲ್ಲವೆಂದು ಕಲ್ಲಿನಲ್ಲಿ ಕೊರೆಸಿ ಊರೂರಿಗೆ ಹೇಳಿಕೊಂಡ ದೊರೆ ನನಗೆ ಇಷ್ಟ. ನಮ್ಮ ಶಿಬಿರಗಳಲ್ಲಿ ಇಂಥ ಒಪ್ಪಿಗೆ ಮಾತು ಕೇಳಸಿಗುವುದಿಲ್ಲ, ಎಲ್ಲರಿಗೂ ಮೂರನೆಯ ದಿನಕ್ಕೇ ಬೆಳಕು ಕಂಡಿರುತ್ತದೆ.

ಮಕ್ಕಳ ಓದು ಮುಗಿಯಲಿ ಎನ್ನುತ್ತೀರಿ. 2024ರ ಆಗಸ್ಟ್ ನೆನಪಿದೆಯೇ? ತುಂಗಭದ್ರಾ ಅಣೆಕಟ್ಟೆಯ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಈ ವರ್ಷ ಭತ್ತವಿಲ್ಲ ಎಂದು ಕಾರಟಗಿ, ಗಂಗಾವತಿ, ಸಿಂಧನೂರಿನ ಮಿಲ್ಲುಗಳಲ್ಲಿ ಯಾರಿಗೂ ಊಟ ಸೇರಲಿಲ್ಲ, ನೀವೇ ಕಂಡಿರುತ್ತೀರಿ. ನದಿ ಬತ್ತುವವರೆಗೆ ಕಾಯದೆ, ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ನಿಲ್ಲಿಸಿದರು. ಆ ಮಳೆಗಾಲದಲ್ಲಿಯೇ ಜಲಾಶಯ ಮತ್ತೆ ತುಂಬಿತು. ಸಂಸಾರ ಬತ್ತುವುದನ್ನು ಕಾಯುತ್ತ ಕೂತವರನ್ನು ಬಹಳ ಕಂಡಿದ್ದೇನೆ. ಮಕ್ಕಳ ಓದಾದ ಮೇಲೆ ಮದುವೆ, ಮದುವೆಯಾದ ಮೇಲೆ ಬಾಣಂತನ. ಸುಗ್ಗಿಯ ಮೂರು ವಾರವೂ ಅಷ್ಟೇ. ಆಗ ಇಪ್ಪತ್ತು ನಿಮಿಷ ಆಗದಿದ್ದರೆ ಐದು ನಿಮಿಷ ಕೂರಿ. ಕೂರದೆ ಇರುವುದೊಂದೇ ಬಿರುಕು.

ಯೋಗಸೂತ್ರದ ಭಾಷ್ಯಕಾರ ವ್ಯಾಸ ಮನಸ್ಸನ್ನು ಎರಡು ದಿಕ್ಕಿಗೂ ಹರಿಯುವ ನದಿ ಎನ್ನುತ್ತಾನೆ, ಒಂದು ಕಡೆ ಕಲ್ಯಾಣಕ್ಕೆ, ಇನ್ನೊಂದು ಕಡೆ ಪಾಪಕ್ಕೆ. ವೈರಾಗ್ಯ ಒಂದು ಹರಿವನ್ನು ತಡೆಯುತ್ತದೆ, ಅಭ್ಯಾಸ ಇನ್ನೊಂದನ್ನು ತೆರೆಯುತ್ತದೆ. ಇದಕ್ಕಿಂತಲೂ ನನಗೆ ಮೆಚ್ಚು 4ನೆಯ ಪಾದದ 3ನೆಯ ಸೂತ್ರ. ಪ್ರಕೃತಿಯನ್ನು ಯಾರೂ ತಳ್ಳಿ ನಡೆಸುವುದಿಲ್ಲ, ಅಡ್ಡವಿರುವುದನ್ನು ತೆಗೆಯುತ್ತಾರೆ ಎಂದು ಹೇಳಿ ಪತಂಜಲಿ ಒಂದೇ ಉಪಮೆ ಕೊಡುತ್ತಾನೆ: ‘ಕ್ಷೇತ್ರಿಕವತ್’, ಹೊಲದವನ ಹಾಗೆ. ಕಾಲೇಜಿನಲ್ಲಿ ಮೊದಲ ಸಲ ಇದನ್ನು ಓದಿದಾಗ ಅಪ್ಪ ಕಣ್ಣ ಮುಂದೆ ಬಂದ. ರಾತ್ರಿ ಎರಡು ಗಂಟೆಗೆ ನಮ್ಮ ಸರದಿ. ಒಂದು ಕೈಯಲ್ಲಿ ಟಾರ್ಚು, ಹೆಗಲ ಮೇಲೆ ಸಲಿಕೆ. ಬದುವಿನ ಬಾಯಿಗೆ ಎರಡು ಸಲ ಸಲಿಕೆ ಹಾಕಿ ಮಣ್ಣು ಸರಿಸಿದರೆ ಮುಗಿಯಿತು, ಬೀಡಿ ಹಚ್ಚಿ ಬದುವಿನ ಮೇಲೆ ಕೂರುತ್ತಿದ್ದ. ನೀರು ಕತ್ತಲಲ್ಲಿ ತನ್ನಷ್ಟಕ್ಕೆ ಮಡಿಯಿಂದ ಮಡಿಗೆ ಇಳಿಯುವ ಸದ್ದು. ಯಾವ ರೈತನೂ ನೀರನ್ನು ಕೈಯಿಂದ ದೂಡಿಕೊಂಡು ಹೋಗುವುದಿಲ್ಲ. ಆದರೆ ಸರದಿಯ ಹೊತ್ತಿಗೆ ಅಪ್ಪ ಅಲ್ಲಿ ಇರುತ್ತಿದ್ದ. ಒಂದು ರಾತ್ರಿ ನಿದ್ದೆ ಹತ್ತಿದರೆ ನೀರು ಪಕ್ಕದವರ ಗದ್ದೆಗೆ.

ಇನ್ನು ಮಾಡಬೇಕಾದ್ದು. ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ, ಮೊಬೈಲ್ ಮುಟ್ಟುವ ಮೊದಲು, ಇಪ್ಪತ್ತು ನಿಮಿಷ. ನಿಮಗೆ ಗೊತ್ತಿರುವ ಆಸನಗಳಲ್ಲಿ ನಾಲ್ಕೈದು ಸಾಕು. ಇಡೀ ಯೋಗಸೂತ್ರದಲ್ಲಿ ಆಸನಕ್ಕೆ ಸಿಕ್ಕಿರುವುದು ಮೂರೇ ಸೂತ್ರ, ಅದರಲ್ಲಿ ಮೊದಲನೆಯದು ಹೇಳುವುದು ಸ್ಥಿರವಾಗಿರಲಿ, ಸುಖವಾಗಿರಲಿ ಎಂದು. ನೆಲದ ಮೇಲೆ ಕಾಲು ಮಡಚಲಾಗದಿದ್ದರೆ ಕುರ್ಚಿಯ ಮೇಲೆ ಕೂರಿ. ಆಮೇಲೆ ಉಸಿರು ಹೊರಗೆ ಹೋಗುವುದನ್ನಷ್ಟೇ ಗಮನಿಸಿ, ಒಳಗೆ ಬರುವುದಕ್ಕಿಂತ ಹೊರಗೆ ಹೋಗುವುದು ತುಸು ನಿಧಾನವಾಗಲಿ. ಹಿಡಿಯುವುದು, ಎಣಿಸುವುದು ಏನೂ ಬೇಡ. ನುಗ್ಗಿದ್ದನ್ನು ಖಾತೆಗೆ ಬರೆದು ಮತ್ತೆ ಉಸಿರಿಗೆ ಬನ್ನಿ. ಮುಂದಿನ ಸುಗ್ಗಿಯವರೆಗೆ ಇದಿಷ್ಟೇ. ಹೊಸದನ್ನು ಸೇರಿಸಬೇಡಿ, ‘ಆಯಿತೇ’ ಎಂದು ನೋಡಿಕೊಳ್ಳಬೇಡಿ.

ಮಿಕ್ಕ ಹೊತ್ತಿಗೆ 33ನೆಯ ಸೂತ್ರ. ಚಿತ್ತ ತಿಳಿಯಾಗುವುದಕ್ಕೆ ಪತಂಜಲಿ ಅಲ್ಲಿ ಕೊಡುವ ಉಪಾಯ ಮನೆ ಮತ್ತು ಬೀದಿಗೆ ಸೇರಿದ್ದು: ಸುಖವಾಗಿರುವವರಲ್ಲಿ ಸ್ನೇಹ, ದುಃಖದಲ್ಲಿರುವವರಲ್ಲಿ ಕರುಣೆ, ಒಳ್ಳೆಯದನ್ನು ಮಾಡುವವರನ್ನು ಕಂಡು ಸಂತೋಷ, ಕೆಟ್ಟದ್ದನ್ನು ಮಾಡುವವರಲ್ಲಿ ಉಪೇಕ್ಷೆ. ಮೊದಲನೆಯದು ನಾಲ್ಕರಲ್ಲಿ ಕಠಿಣ. ದುಃಖದಲ್ಲಿದ್ದವರಿಗೆ ಮರುಗುವುದು ನಮಗೆ ಬರುತ್ತದೆ. ಓರಗಿತ್ತಿ ಹೊಸ ಮನೆ ಕಟ್ಟಿಸಿದಳೆಂದು ಮನಸಾರೆ ಹಿಗ್ಗುವುದು ಸುಲಭವಲ್ಲ. ಅತ್ತೆಯವರ ಮಾತಿಗೆ ಉಪೇಕ್ಷೆಯೇ ಎಂದು ಕೇಳಿದರೆ, ಅವಸರ ಬೇಡ ಎನ್ನುತ್ತೇನೆ. ಮೊದಲು ಅವರು ಆ ನಾಲ್ವರಲ್ಲಿ ಯಾರು ಎಂದು ನೋಡಿ. ಮೊಣಕಾಲು ನೋವಿನ ಮುದುಕಿಯ ಬೈಗುಳ ಎಷ್ಟೋ ಸಲ ಎರಡನೆಯ ಸಾಲಿಗೆ ಸೇರಿದ್ದು.

ಸಂಸಾರಸ್ಥರಿಗೆ ಸಾಧ್ಯವೇ ಎಂಬುದು ನಿಮ್ಮ ಇನ್ನೊಂದು ಪ್ರಶ್ನೆ. ಯೋಗಸೂತ್ರದ 2ನೆಯ ಪಾದವನ್ನು ತೆರೆಯುತ್ತ ವ್ಯಾಸ ಹೇಳುವುದು, ಮೊದಲ ಪಾದ ನೆಲೆಗೊಂಡ ಮನಸ್ಸಿನವರದಾಯಿತು, ಹೊರಗೆ ಹರಿದಾಡುವ ಮನಸ್ಸಿನವರಿಗೂ ಯೋಗ ಹೇಗೆ ಕೂಡಿಬರುತ್ತದೆ ಎಂಬುದಕ್ಕೆ ಇದು ಆರಂಭ ಎಂದು. ಹಾಗಾಗಿ ಆ ಪಾದ ನಿಮ್ಮದು, ನನ್ನದು. ಅಲ್ಲಿಯೇ ತಪಸ್ಸಿನ ಬಗ್ಗೆ ಇನ್ನೊಂದು ಮಾತೂ ಇದೆ: ಚಿತ್ತದ ಪ್ರಸಾದವನ್ನು ಕೆಡಿಸದಷ್ಟು ಮಾತ್ರ ತಪಸ್ಸು ಮಾಡು. ತಲೆ ಭಾರ ಮಾಡುವ ಸಾಹಸಕ್ಕೆ ಇದಕ್ಕಿಂತ ಸ್ಪಷ್ಟವಾದ ತಡೆಯಾಜ್ಞೆ ಬೇಕಿಲ್ಲ.

ಒಂದು ಸಂಗತಿಯನ್ನು ಯೋಗದ ಲೆಕ್ಕಕ್ಕೆ ಸೇರಿಸಬೇಡಿ. ಉಸಿರಿನ ಸಾಹಸ ಬಿಟ್ಟ ಮೇಲೂ ತಲೆ ಭಾರ ಹೋಗದಿದ್ದರೆ, ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಬೇಡವಾದರೆ, ಯಾವುದರಲ್ಲಿಯೂ ರುಚಿಯಿಲ್ಲದೆ ಬದುಕೇ ಸಾಕೆನಿಸಿದರೆ ವೈದ್ಯರಲ್ಲಿಗೆ ಹೋಗಿ. ರಕ್ತದೊತ್ತಡವನ್ನೂ ಒಮ್ಮೆ ನೋಡಿಸಿಕೊಳ್ಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಅಂತರಾಯಗಳ ಪಟ್ಟಿಯಲ್ಲಿ ಪತಂಜಲಿ ಮೊದಲು ಇಟ್ಟಿರುವುದೇ ರೋಗವನ್ನು.

ಮಧ್ಯಾಹ್ನದ ಬಿಡುವಿನಲ್ಲಿ ಮಿಲ್ಲಿನಲ್ಲಿಯೇ ಉಸಿರಾಟದ ಅಭ್ಯಾಸ ಮಾಡುತ್ತಿದ್ದರೆ ಅದು ಬೇಡ. ತೌಡು, ಹೊಟ್ಟಿನ ಧೂಳು ತೇಲುವ ಜಾಗದಲ್ಲಿ ದೀರ್ಘವಾಗಿ ಉಸಿರೆಳೆಯಬಾರದು. ಬೇಸಿಗೆಯಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟಿದಾಗಂತೂ ತಗಡಿನ ಸೂರಿನ ಕೆಳಗೆ ಕಣ್ಣು ಮುಚ್ಚಿದರೆ ಬರುವುದು ಧ್ಯಾನವಲ್ಲ, ಜೋಂಪು. ಆ ಹೊತ್ತಿನಲ್ಲಿ ಬುತ್ತಿ ಉಂಡು, ನೀರು ಕುಡಿದು, ಬೇವಿನ ಮರದ ನೆರಳಿನಲ್ಲಿ ಹಮಾಲರ ಹೆಂಗಸರೊಂದಿಗೆ ನಾಲ್ಕು ಮಾತನಾಡಿ ಬನ್ನಿ.